ಎರಡಾಗಿ ಮಡಚಿದ ಹಗ್ಗ

ಕಳೆದ ಚಳಿಗಾಲದಲ್ಲಿ ಒಂದು ಪುಟ್ಟ ವಿಮಾನ ಹಿಮದ ಮೇಲೆ ಬಡಿದು ಇಳಿಯಿತು. ಅದರೊಳಗೆ ನನ್ನ ಮಗಳಿದ್ದಳು. ಓಡಿಸುತ್ತಿದ್ದವರು ನಮ್ಮ ಪಕ್ಕದ ಮನೆಯ ಹಿರಿಯರು. ತಪ್ಪು ತಮ್ಮದೇ ಎಂದು ಅವರು ಎಲ್ಲರ ಮುಂದೆ ಹೇಳಿದರು. ಅದು ನನ್ನ ತಪ್ಪು ಎಂಬುದು ನನ್ನೊಬ್ಬನಿಗೇ ಗೊತ್ತಿತ್ತು. ಗೊತ್ತಿದ್ದೂ ಬೆಂಗಳೂರಿನಲ್ಲಿ ಒಂದು ಬೇಸಿಗೆ, ಒಂದು ಮಳೆಗಾಲ ಸುಮ್ಮನೆ ಕಳೆದೆ.

ನಾನು ಎಸ್ಸೆಸ್ಸೆಲ್ಸಿ ಓದಿದವನು. ಪೀಣ್ಯದ ಒಂದು ಶೆಡ್ಡಿನಲ್ಲಿ ತಗಡಿನ ಕೆಲಸ ಕಲಿತು, ಅಲ್ಲೇ ಫಿಟ್ಟರ್ ಆಗಿ, ಅಲ್ಲಿಂದಲೇ ನಿವೃತ್ತನಾದೆ. ಹೆಂಡತಿ ಹೋದಮೇಲೆ ಮಗಳು ನನ್ನನ್ನು ಪ್ರತಿ ವರ್ಷ ಸ್ವೀಡನ್ನಿಗೆ ಕರೆಸಿಕೊಳ್ಳುತ್ತಾಳೆ. ಬೇರೆಯವರ ಅಪ್ಪ ಅಮ್ಮಂದಿರು ಬೇಸಿಗೆಯಲ್ಲಿ ಬರುತ್ತಾರೆ. ನಾನು ಮಾತ್ರ ಚಳಿಗಾಲದ ಅತಿಥಿ. ಅಳಿಯ ವಾರವೆಲ್ಲ ದೂರದ ಶೋವ್ಡೆ ಊರಿನಲ್ಲಿ ಕೆಲಸ ಮಾಡಿ ಶುಕ್ರವಾರ ಬರುತ್ತಾನೆ. ಮಧ್ಯಾಹ್ನ ಕಾಫಿ ಕುಡಿದು ಲೋಟ ತೊಳೆಯುವಷ್ಟರಲ್ಲಿ ಕತ್ತಲಾಗುವ ಆ ತಿಂಗಳುಗಳಲ್ಲಿ ಮನೆಯಲ್ಲಿ ಯಾರಾದರೂ ಕನ್ನಡದಲ್ಲಿ ಕೆಮ್ಮಿದರೂ ಸಾಕು ಎನ್ನುತ್ತಾಳೆ ಅವಳು.

ಮನೆ ಇರುವುದು ವೆಸ್ಟೆರಾಸ್ ಊರಿನ ಹೊರಗೆ, ಸರೋವರದ ಒಂದು ಮೂಲೆಯ ದಡದಲ್ಲಿ. ಪಕ್ಕದ ಮನೆಯವರು ನನಗಿಂತ ಸ್ವಲ್ಪ ದೊಡ್ಡವರು, ಒಂಟಿ, ಮಾತು ಕಡಿಮೆ. ಅವರಿಗೊಂದು ವಿಮಾನವಿತ್ತು. ಇಬ್ಬರೇ ಕೂರಬಹುದಾದದ್ದು, ಕೆಳಗಿನ ಅರ್ಧ ದೋಣಿಯಂತೆ, ಮೇಲಿನ ಅರ್ಧ ವಿಮಾನದಂತೆ. ಚಕ್ರಗಳನ್ನು ಇಳಿಸಿದರೆ ರನ್‌ವೇ ಮೇಲೆ ಓಡುತ್ತದೆ. ಮಡಚಿಕೊಂಡರೆ ನೀರಿನ ಮೇಲೆ ಹೊಟ್ಟೆಯೂರಿ ಇಳಿಯುತ್ತದೆ. ಸರೋವರ ಗಟ್ಟಿಯಾಗಿ ಅದರ ಮೇಲೆ ಹಿಮ ಕೂತ ಮೇಲೂ ಹಾಗೆಯೇ, ಚಕ್ರ ಮಡಚಿ, ಆ ದೋಣಿಹೊಟ್ಟೆಯ ಮೇಲೆ ಜಾರಿ ನಿಲ್ಲುತ್ತದೆ.

ಮೊದಲ ಸಲ ಅದನ್ನು ನೋಡಿದಾಗ ನಾನು ಅದರ ರಿವೆಟ್ ಸಾಲುಗಳ ಮೇಲೆ ಬೆರಳಾಡಿಸಿದೆ. ಅವರು ನೋಡುತ್ತ ನಿಂತಿದ್ದರು.

"ಇದು ನಿನ್ನ ಕೆಲಸಾನಾ?" ಎಂದು ಕೇಳಿದರು. ನಮ್ಮಿಬ್ಬರದೂ ಅರೆಬರೆ ಇಂಗ್ಲಿಷ್. ಅವರ ಮಾತು ನನಗೆ ಹೇಗೆ ಕೇಳಿಸಿತೋ ಹಾಗೆ ಬರೆಯುತ್ತಿದ್ದೇನೆ.

"ಹೌದು ಸರ್. ಇಂಥದ್ದೇ."

"ಸರ್ ಅಂತ ಇಲ್ಲಿ ಯಾರೂ ಯಾರನ್ನೂ ಕರೆಯಲ್ಲ. ನಮ್ಮ ರಾಜನೇ ಬಂದರೂ ನಾನು ಕರೆಯೋದು ಅನುಮಾನ."

"ಆಯ್ತು ಸರ್," ಎಂದೆ. ಅವರು ಜೋರಾಗಿ ನಕ್ಕರು. ಅವರು ನಕ್ಕದ್ದನ್ನು ಮಗಳು ಅದೇ ಮೊದಲು ಕೇಳಿದ್ದಂತೆ.

ಅಂದಿನಿಂದ ನನಗೊಂದು ಕೆಲಸ ಸಿಕ್ಕಿತು. ಮೋಡ ಮುಚ್ಚಿದ ದಿನ ಇಲ್ಲಿ ಆಕಾಶವೂ ಬಿಳಿ, ಸರೋವರವೂ ಬಿಳಿ. ನೆರಳೇ ಬೀಳುವುದಿಲ್ಲ. ಮೇಲಿನಿಂದ ಬರುವವನಿಗೆ ನೆಲ ಒಂದಾಳು ಕೆಳಗಿದೆಯೋ ಒಂದು ತೆಂಗಿನಮರದಷ್ಟು ಕೆಳಗಿದೆಯೋ ತಿಳಿಯುವುದಿಲ್ಲ. ಅದಕ್ಕಾಗಿ ಹಿಮದಲ್ಲಿ ಸ್ಪ್ರೂಸ್ ಕೊಂಬೆಗಳನ್ನು ಸಾಲಾಗಿ ನೆಡಬೇಕು. ನಮ್ಮವರು ಕ್ರಿಸ್ಮಸ್ ಮರ ಎನ್ನುತ್ತಾರಲ್ಲ, ಅದೇ. ಹಿಂದೆ ಇಲ್ಲಿನ ಜನ ಗಟ್ಟಿಯಾದ ಸರೋವರದ ಮೇಲೆ ಗಾಡಿದಾರಿ ಗುರುತಿಸುತ್ತಿದ್ದದ್ದೂ ಹೀಗೆಯೇ ಅಂತೆ. ಅವರ ಅಪ್ಪನೂ ನೆಡುತ್ತಿದ್ದರಂತೆ.

ಒಂದು ಹಗ್ಗ ಕೊಟ್ಟಿದ್ದರು. ಕೊಂಬೆಯಿಂದ ಕೊಂಬೆಗೆ ಒಂದು ಹಗ್ಗದಷ್ಟು ದೂರ. "ಈ ಅಂತರ ನನ್ನ ಕಣ್ಣಲ್ಲಿ ಕೂತುಬಿಟ್ಟಿದೆ. ಇದು ಎಷ್ಟು ದೊಡ್ಡದಾಗಿ ಕಾಣುತ್ತೆ ಅನ್ನೋದರ ಮೇಲೆ ನಾನು ನೆಲ ಮುಟ್ಟೋ ಮುಂಚೆ ವಿಮಾನದ ಮೂತಿ ಎತ್ತೋದು," ಎಂದು ಹೇಳಿದ್ದರು. ಇನ್ನೊಂದು ಉದ್ದ ಕೋಲು. ಪ್ರತಿ ಕೊಂಬೆಯ ಬಳಿ ಅದನ್ನು ಹಿಮದೊಳಗೆ ಚುಚ್ಚಿ ತೆಗೆದು ತುದಿ ನೋಡಬೇಕು. ಹಿಮದ ಭಾರಕ್ಕೆ ಮಂಜುಗಡ್ಡೆ ಕುಸಿದರೆ ಬಿರುಕುಗಳಿಂದ ನೀರು ಮೇಲೆ ಬಂದು ಹಿಮದ ಅಡಿ ಕೂರುತ್ತದೆ. ಮೇಲೆ ನೋಡಿದರೆ ಒಣ ಹಿಮ, ಅಡಿಯಲ್ಲಿ ರಾಗಿ ಅಂಬಲಿಯಂಥ ಕೆಸರು. ಓಡುವ ವಿಮಾನ ಅದಕ್ಕೆ ನುಗ್ಗಿದರೆ ಮುಗ್ಗರಿಸುತ್ತದೆ. ಗಡ್ಡೆಯ ದಪ್ಪವನ್ನು ಅವರೇ ಕೊರೆದು ನೋಡುತ್ತಿದ್ದರು. ಕೆಸರು ನೋಡುವುದು ನನ್ನ ಪಾಲು.

"ಏನಾದರೂ ಅನುಮಾನ ಬಂದರೆ ಸಾಲಿನ ತಲೆಯಲ್ಲಿ ಎರಡು ಕೊಂಬೆ ಅಡ್ಡಡ್ಡ ಹಾಕಿಬಿಡು," ಎಂದಿದ್ದರು. "ನಾನು ಚಕ್ರ ಇಳಿಸಿಕೊಂಡು ಏರ್‌ಪೋರ್ಟಿಗೆ ಹೋಗ್ತೀನಿ. ನೀನು ಕಾರಣ ಹೇಳಬೇಕಾಗಿಲ್ಲ. ನಾನು ಕೇಳೋದೂ ಇಲ್ಲ."

ಕುತ್ತಿಗೆಗೆ ದಾರದಲ್ಲಿ ಎರಡು ಮೊಳೆಹಿಡಿಗಳನ್ನು, ಅಂದರೆ ತುದಿಗೆ ಚೂಪು ಮೊಳೆಯಿರುವ ಹಿಡಿಕೆಗಳನ್ನು, ಹಾಕಿದ್ದರು. ಗಡ್ಡೆ ಒಡೆದು ನೀರಿಗೆ ಬಿದ್ದರೆ ಅವನ್ನು ಅಂಚಿಗೆ ಚುಚ್ಚಿ ಮೇಲೆ ಬರಲು. ಇಲ್ಲಿ ಸರೋವರದ ಮೇಲೆ ಕಾಲಿಡುವ ಎಲ್ಲರೂ ಹಾಕಿಕೊಳ್ಳುತ್ತಾರೆ. ಮಗಳು ಕಿಟಕಿಯಿಂದ ಕೂಗುತ್ತಿದ್ದಳು: "ಅಪ್ಪಾ, ತಾಳಿ ಕಟ್ಕೊಂಡ್ಯಾ?" ಪಕ್ಕದ ಮನೆಯವರು ನನ್ನನ್ನು "ಏರ್‌ಪೋರ್ಟ್ ಮ್ಯಾನೇಜರ್" ಎಂದು ಕರೆಯತೊಡಗಿದರು. ಆ ಹೆಸರು ನನಗೆ ತುಂಬ ಹಿಡಿಸಿತ್ತು. ಊರಿಗೆ ಫೋನ್ ಮಾಡಿದಾಗ ತಮ್ಮನಿಗೂ ಹೇಳಿಕೊಂಡಿದ್ದೆ.

ಇಲ್ಲಿ ನಮ್ಮ ಶೆಡ್ಡಿನ ಒಂದು ಅಭ್ಯಾಸ ಹೇಳಬೇಕು. ಅಲ್ಲಿ ಸೂಪರ್‌ವೈಸರ್ ಬಂದು "ಆಯ್ತಾ?" ಎಂದರೆ ಎಲ್ಲರದೂ ಒಂದೇ ಉತ್ತರ, "ಆಗಿದೆ ಸರ್". ಅದರ ಅರ್ಥ ಮುಗಿದಿದೆ ಎಂದಲ್ಲ. ಮುಕ್ಕಾಲು ಆಗಿದೆ, ಉಳಿದದ್ದು ನೀವು ಕಾಫಿ ಕುಡಿದು ಬರುವಷ್ಟರಲ್ಲಿ ಆಗುತ್ತದೆ, ಹೇಗೂ ಇನ್‌ಸ್ಪೆಕ್ಷನ್‌ನವರು ಗೇಜ್ ಹಿಡಿದು ನೋಡಿಯೇ ನೋಡುತ್ತಾರೆ, ಅಷ್ಟೂ ಅದರಲ್ಲಿ ಸೇರಿತ್ತು. ನಮ್ಮ ಮಾತನ್ನು ಯಾರೂ ನಂಬುತ್ತಿರಲಿಲ್ಲ. ಆದ್ದರಿಂದಲೇ ನಾವು ಹಗುರವಾಗಿ ಆಡುತ್ತಿದ್ದೆವು. ಇಲ್ಲಿ ಹಾಗಲ್ಲ. ಆಗಿದೆ ಎಂದರೆ ಆಗಿದೆ. ಮತ್ತೆ ಹೋಗಿ ನೋಡುವುದು ಹೇಳಿದವನಿಗೆ ಅವಮಾನ ಮಾಡಿದಂತೆ. ಇದು ನನಗೆ ತಿಳಿಯದ ವಿಷಯವೇನಲ್ಲ. ಮಗಳು ಎಷ್ಟೋ ಸಲ ಹೇಳಿದ್ದಳು. ಆದರೆ ನಾಲಿಗೆಗೆ ಇಡೀ ಆಯುಷ್ಯದ ರೂಢಿ.

ಆ ದಿನ ಬೆಳಿಗ್ಗೆ ಹೊಸ ಹಿಮ ಬಿದ್ದಿತ್ತು. ಪಕ್ಕದ ಮನೆಯವರು ಎಂಜಿನ್ನಿಗೆ ಹೊದಿಕೆ ಹೊದಿಸಿ ಹೀಟರ್ ಇಟ್ಟು ಬಿಸಿ ಮಾಡುತ್ತಿದ್ದರು. ಮಗಳು ಬಹಳ ದಿನದಿಂದ ಕೇಳುತ್ತಿದ್ದಳು, ಅಂದು ಕರೆದುಕೊಂಡು ಹೋಗುವುದೆಂದು ಮಾತಾಗಿತ್ತು. ನಾನು ಕೋಲು ಹಿಡಿದು ಹೊರಟೆ. ದಡದ ಕಡೆಯ ಅರ್ಧ ಸಾಲನ್ನು ಸರಿಯಾಗಿಯೇ ಚುಚ್ಚಿ ನೋಡಿದೆ. ಒಣಗಿತ್ತು. ಅಷ್ಟರಲ್ಲಿ ಕೈಗವಸಿನೊಳಗಿನ ಬೆರಳುಗಳು ಇವೆಯೋ ಇಲ್ಲವೋ ಎನ್ನುವಂತಾಗಿತ್ತು. ಉಳಿದ ಅರ್ಧವನ್ನು ನಿಂತಲ್ಲಿಂದಲೇ ನೋಡಿದೆ. ಬಿಳಿ, ಸಮತಟ್ಟು. ನಿನ್ನೆಯೂ ಒಣಗಿತ್ತಲ್ಲ ಎಂದುಕೊಂಡು ವಾಪಸು ಬಂದೆ.

"ಮ್ಯಾನೇಜರ್, ಆಯ್ತಾ?"

"ಆಗಿದೆ ಸರ್."

ಅವರು ತಲೆ ಆಡಿಸಿ ಹೊದಿಕೆ ತೆಗೆದರು. ಮಗಳು ಹತ್ತಿ ಕೂತು ಫೋನ್ ಎತ್ತಿ ತೋರಿಸಿ "ಫೋಟೋ ಕಳಿಸ್ತೀನಿ, ನೋಡ್ತಾ ಇರು" ಎಂದಳು. ವಿಮಾನ ಸರೋವರದ ಒಳಮುಖವಾಗಿ ಜಾರಿಕೊಂಡು ಹೋಗಿ ಅರ್ಧ ಸಾಲು ಮುಗಿಯುವುದರೊಳಗೆ ಮೇಲೆದ್ದಿತು.

ಅವರು ಕಣ್ಮರೆಯಾದ ಮೇಲೆ ನನಗೆ ನಿಲ್ಲಲಾಗಲಿಲ್ಲ. ಏಳುವಾಗ ಅರ್ಧ ಸಾಲು ಸಾಕು. ಇಳಿಯುವಾಗ ಬ್ರೇಕಿಲ್ಲದ ಈ ಹೊಟ್ಟೆ ಜಾರುತ್ತ ಜಾರುತ್ತ ಆಚೆ ಅರ್ಧದವರೆಗೂ ಹೋಗುತ್ತದೆ. ಕೋಲು ತೆಗೆದುಕೊಂಡು ಆಚೆ ತುದಿಗೆ ನಡೆದೆ. ಚುಚ್ಚುವ ಅಗತ್ಯವೇ ಬರಲಿಲ್ಲ. ಕಾಲಿಟ್ಟಲ್ಲಿ ಹೆಜ್ಜೆ ಕುಸಿಯಿತು, ತಿರುಗಿ ನೋಡಿದರೆ ನನ್ನ ಹೆಜ್ಜೆಗುರುತುಗಳಲ್ಲಿ ಬೂದು ನೀರು ತುಂಬಿಕೊಳ್ಳುತ್ತಿತ್ತು. ಒಂದೊಂದಾಗಿ, ನನ್ನ ಹಿಂದೆಯೇ ನಡೆದು ಬರುವ ಹಾಗೆ.

ಜೇಬಿನಲ್ಲಿ ಫೋನಿತ್ತು. ತೆಗೆದೆ. ಮಗಳ ಫೋಟೋಗಳು ಆಗಲೇ ಬಂದಿದ್ದವು: ಬಿಳಿ ಸರೋವರ, ಕಡ್ಡಿಯಂಥ ಮರಗಳು, ಅವಳ ನಗುಮುಖ, ಪಕ್ಕದಲ್ಲಿ ಅವರ ಕಿವಿ. "ಇಲ್ಲಿ ಇಳಿಯಬೇಡಿ" ಎಂದು ಎರಡು ಪದ ಬರೆದು ಕಳಿಸಿದ್ದರೆ ಮುಗಿಯುತ್ತಿತ್ತು. ಇಲ್ಲವೇ ಎರಡು ಕೊಂಬೆ ಅಡ್ಡಡ್ಡ. ಅವರು ಕೇಳುವುದಿಲ್ಲ ಎಂದಿದ್ದರು, ನಿಜ. ಆದರೆ ಮಗಳು ಕೇಳುತ್ತಾಳೆ. "ಬೆಳಿಗ್ಗೆ ಎಲ್ಲಾ ಸರಿ ಇದೆ ಅಂದ್ಯಲ್ಲಪ್ಪಾ?" ಎನ್ನುತ್ತಾಳೆ. ಅವರು ಆಗ ನನ್ನ ಮುಖ ನೋಡದೆ ಬೇರೆ ಕಡೆ ನೋಡುತ್ತಾರೆ. ಆ ನೋಟ ಕಣ್ಣಿಗೆ ಕಟ್ಟಿತು. ಫೋನ್ ಜೇಬಿಗೆ ಹಾಕಿದೆ.

ಆಗ ನನ್ನ ಫಿಟ್ಟರ್ ಬುದ್ಧಿ ಒಂದು ದಾರಿ ಹುಡುಕಿತು. ಒದ್ದೆ ಇರುವ ಕಡೆ ಸಾಲೇ ಇರಬಾರದು, ಅಷ್ಟೇ ತಾನೇ? ಆಚೆ ಅರ್ಧದ ಕೊಂಬೆಗಳನ್ನೆಲ್ಲ ಕಿತ್ತೆ. ಎಸೆದರೆ ಸಾಲು ಕಡಿಮೆಯಾದದ್ದು ಅವರಿಗೆ ತಿಳಿಯುತ್ತದೆ. ಆದ್ದರಿಂದ ಅವನ್ನು ತಂದು ಈಚೆಯ ಕೊಂಬೆಗಳ ನಡುನಡುವೆ ನೆಟ್ಟೆ. ಅಂತರ ಒಂದೇ ಸಮ ಇರಬೇಕಲ್ಲ, ಹಗ್ಗವನ್ನು ಎರಡಾಗಿ ಮಡಚಿ ಅಳೆದೆ. ಸಾಲು ನೂಲು ಹಿಡಿದಂತೆ ಬಂತು. ಮೊದಲಿಗಿಂತ ಹೆಚ್ಚು ಸ್ಪಷ್ಟವಾಗಿಯೇ ಕಾಣುತ್ತದೆ, ಅವರು ಬೇಗ ನಿಲ್ಲಿಸಿಕೊಳ್ಳುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಅಂತರ ತಮ್ಮ ಕಣ್ಣಲ್ಲಿ ಕೂತಿದೆ ಎಂದು ಅವರು ಹೇಳಿದ್ದ ಮಾತು ಆಗ ನೆನಪಿಗೇ ಬರಲಿಲ್ಲ.

ಅದು ನೆನಪಾದದ್ದು ವಿಮಾನ ದಡದ ಮರಗಳನ್ನು ದಾಟಿ ಕೆಳಗಿಳಿಯುತ್ತಿದ್ದಾಗ. ಮೂತಿ ಎತ್ತುವ ಜಾಗ ನನಗೂ ಗೊತ್ತಿತ್ತು, ಎಷ್ಟು ಸಲ ನೋಡಿದ್ದೆ. ಆ ಜಾಗ ಬಂತು. ಮೂತಿ ಏಳಲಿಲ್ಲ. ಕೊಂಬೆಗಳ ನಡುವೆ ಅಂತರ ಚಿಕ್ಕದಾಗಿ ಕಾಣುತ್ತಿದ್ದ ಕಾರಣ ತಾವಿನ್ನೂ ಎತ್ತರದಲ್ಲಿದ್ದೇವೆ ಎಂದು ಅವರು ನಂಬಿದ್ದರು. ನಾನು ಎರಡೂ ಕೈ ಎತ್ತಿ ಕೂಗಿದೆ. ಏನು ಕೂಗಿದೆನೋ ಗೊತ್ತಿಲ್ಲ. ವಿಮಾನ ಇದ್ದ ವೇಗದಲ್ಲೇ ಹಿಮಕ್ಕೆ ಬಡಿಯಿತು, ಪುಟಿದು ಎದ್ದಿತು, ಮತ್ತೆ ಬಿತ್ತು. ಒಂದು ರೆಕ್ಕೆ ಹಿಮ ಕೊರೆದು ಇಡೀ ವಿಮಾನ ಅಡ್ಡ ತಿರುಗಿ, ಒದ್ದೆ ಜಾಗ ಇನ್ನೇನು ಬಂತು ಎನ್ನುವಲ್ಲಿ ನಿಂತಿತು.

ಓಡಿದೆ. ಬಿದ್ದೆ, ಎದ್ದು ಓಡಿದೆ. ಬಾಗಿಲು ತೆರೆದು ಮಗಳು ತಾನಾಗಿಯೇ ಇಳಿದಳು, ಬಲಗೈಯನ್ನು ಎಡಗೈಯಲ್ಲಿ ಮಗುವಿನಂತೆ ಎತ್ತಿಕೊಂಡಿದ್ದಳು. "ಐ ಆಮ್ ಓಕೆ ಅಪ್ಪಾ, ಐ ಆಮ್ ಓಕೆ, ನೀನ್ ಅಳ್ಬೇಡ," ಎನ್ನುತ್ತಿದ್ದಳು. ಮುಂಗೈ ಮುರಿದಿತ್ತು. ಅವರ ಹಣೆಯಿಂದ ರಕ್ತ ಸಣ್ಣಗೆ ಇಳಿಯುತ್ತಿತ್ತು. ಅದನ್ನು ಒರೆಸಿಕೊಳ್ಳದೆ ನನ್ನನ್ನೇ ನೋಡಿ ಹೇಳಿದರು:

"ನನ್ನನ್ನು ಕ್ಷಮಿಸು. ಎತ್ತರ ತಪ್ಪಾಗಿ ಅಂದಾಜು ಮಾಡಿದೆ. ನಿನ್ನ ಮಗಳನ್ನು ಕೂರಿಸಿಕೊಂಡು ಹೀಗೆ ಮಾಡಿದೆ."

ಆಗ ಹೇಳಬಹುದಿತ್ತು. ನಾನು ಅವರ ಭುಜ ತಟ್ಟಿದೆ. ಹೌದು, ಸಮಾಧಾನ ಹೇಳುವವನಂತೆ ತಟ್ಟಿದೆ.

ಅವರಿಬ್ಬರೂ ಆಸ್ಪತ್ರೆಗೆ ಹೋದರು. ನಾನು ಇಲ್ಲೇ ಇದ್ದು ಎಲ್ಲ ಎತ್ತಿಡುತ್ತೇನೆ ಎಂದೆ. ಮಗಳಿಗೆ ನೋವಿನಲ್ಲೂ ಅದು ವಿಚಿತ್ರವೆನಿಸಿರಬೇಕು, ತಿರುಗಿ ತಿರುಗಿ ನೋಡಿದಳು. ಅವರ ಕಾರು ಹೋದ ಮೇಲೆ ಒಂದು ಕೊಂಬೆಯೂ ಉಳಿಯದಂತೆ ಕಿತ್ತು ದಡದ ರಾಶಿಗೆ ಹಾಕಿದೆ. ಮಧ್ಯಾಹ್ನ ಮತ್ತೆ ಹಿಮ ಬಿದ್ದು ನನ್ನ ತೂತುಗಳೂ ಹೆಜ್ಜೆಗಳೂ ಮುಚ್ಚಿಹೋದವು.

ಅವರು ತಾವೇ ಸಂಬಂಧಪಟ್ಟವರಿಗೆ ತಿಳಿಸಿದರು, ತಪ್ಪು ತಮ್ಮದೆಂದೇ ತಿಳಿಸಿದರು. ಆಮೇಲೆ ಹಾರುವುದನ್ನು ಬಿಟ್ಟರು. ಯಾರೂ ಬಿಡಿಸಿದ್ದಲ್ಲ. "ಕಣ್ಣು ಹೋಯಿತು," ಎಂದರು. ಕಣ್ಣಿನ ಡಾಕ್ಟರು ನೋಡಿ ಏನೂ ಆಗಿಲ್ಲ ಎಂದರಂತೆ. ಡಾಕ್ಟರಿಗೆ ಎತ್ತರ ಅಳೆಯುವುದು ಗೊತ್ತಿಲ್ಲ ಎಂದು ಇವರು ಎದ್ದು ಬಂದರಂತೆ. ಕತ್ತಲಲ್ಲಿ ಕಾರು ಓಡಿಸುವುದನ್ನೂ ನಿಲ್ಲಿಸಿದರು. ಚಳಿಗಾಲದಲ್ಲಿ ಇಲ್ಲಿ ಕತ್ತಲಲ್ಲದ್ದು ಎಷ್ಟು ಹೊತ್ತು?

ನಾನು ಊರಿಗೆ ಹೋದೆ. ಫೋನಿನಲ್ಲಿ ಮಗಳು ಒಮ್ಮೆ ಹೇಳಿದಳು: "ಚಪಾತಿ ಲಟ್ಟಿಸ್ಬೇಕಾದ್ರೆ ಇನ್ನೂ ನೋಯತ್ತಪ್ಪ. ಅಂಕಲ್ ಅವತ್ತು ಹೋಗ್ಲೇಬಾರ್ದಿತ್ತು. ವಯಸ್ಸಾಗಿದೆ ಅಂತ ಒಪ್ಕೊಳೋಕೆ ಅವ್ರಿಗೆ ಈಗೋ ಅಡ್ಡ ಬರತ್ತೆ." ನಾನು "ಪಾಪ ಕಣೇ" ಎಂದೆ. ಅವಳು ಅವರ ಮನೆಗೆ ಫೀಕಾಗೆ, ಅಂದರೆ ಇಲ್ಲಿನವರ ಕಾಫಿ ಕೂಟಕ್ಕೆ, ಹೋಗುವುದನ್ನೂ ನಿಲ್ಲಿಸಿದ್ದಳು. ವಾರಕ್ಕೊಮ್ಮೆ ಕಾಫಿ, ದಾಲ್ಚಿನ್ನಿ ಬನ್ನು, ಎರಡು ಮಾತು, ಅವರಿಗೆ ಇದ್ದ ಜನಸಂಪರ್ಕ ಅಷ್ಟೇ.

ಈ ಚಳಿಗಾಲ ಬಂದಿಳಿದ ವಾರದಲ್ಲೇ ಸುದ್ದಿ ತಿಳಿಯಿತು. ವಿಮಾನ ರಿಪೇರಿಯಾಗಿದೆ, ಅವರು ಅದನ್ನು ಮಾರುತ್ತಿದ್ದಾರೆ, ಕೊಳ್ಳುವವರು ಉತ್ತರದ ಉಮೆಯೊ ಊರಿನಿಂದ ಶನಿವಾರ ಬರುತ್ತಾರೆ. ಆ ವಾರವೆಲ್ಲ ಹೇಳಿಬಿಡಬೇಕೆಂದು ಮಗಳ ಬಳಿ ಹೋಗುವುದು, ಅವಳು ಅತ್ತಿತ್ತ ಓಡಾಡುತ್ತ ಬಲಗೈ ನೀವಿಕೊಳ್ಳುವುದನ್ನು ನೋಡಿ ತಿರುಗಿ ಬರುವುದು. ನಿಜ ತಿಳಿದರೆ ಮುಂದಿನ ವರ್ಷ ಕರೆಸುತ್ತಾಳೋ ಇಲ್ಲವೋ. ಇಷ್ಟು ಸಣ್ಣ ಲೆಕ್ಕಾಚಾರವೂ ನನ್ನ ತಲೆಯಲ್ಲಿ ನಡೆದಿತ್ತು.

ಗುರುವಾರ ಬೆಳಿಗ್ಗೆ ಅವರ ಶೆಡ್ಡಿಗೆ ಹೋದೆ. ಅವರು ವಿಮಾನದ ಹೊಟ್ಟೆ ಒರೆಸುತ್ತಿದ್ದರು. ಗೋಡೆಯ ಮೊಳೆಗೆ ಹಗ್ಗ ನೇತುಹಾಕಿತ್ತು.

"ಮ್ಯಾನೇಜರ್ ಬಂದರು," ಎಂದರು.

ನನ್ನ ಇಂಗ್ಲಿಷಿನಲ್ಲಿ ಎಲ್ಲ ಹೇಳಿದೆ. ಹಿಂದುಮುಂದಾಗಿ ಹೇಳಿದೆ. ಮೊದಲು ನೀರು, ಆಮೇಲೆ ಆಗಿದೆ ಎಂದದ್ದು, ಆಮೇಲೆ ಫೋನು. ಕೊಂಬೆಗಳ ಮಾತು ಬಂದಾಗ ಅವರ ಕೈಯಲ್ಲಿದ್ದ ಬಟ್ಟೆ ನಿಂತಿತು.

"ಎಷ್ಟು ಹತ್ತಿರ ನೆಟ್ಟೆ?"

ಹಗ್ಗ ತೆಗೆದುಕೊಂಡು ಎರಡಾಗಿ ಮಡಚಿ ನೆಲದ ಮೇಲೆ ಹಾಸಿದೆ. ಅವರು ಅದರ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದರು. ತಿರುಗಿ ನಡೆದರು. ಬೈಯಲಿ ಎಂದು ನಾನು ಕಾಯುತ್ತಿದ್ದೆ.

"ಹಾಗಾದರೆ ನನ್ನ ಕಣ್ಣು ಸರಿಯಾಗಿತ್ತು," ಎಂದರು. ನನಗಲ್ಲ, ಅವರಷ್ಟಕ್ಕೆ. ಆಮೇಲೆ ನನಗೆ: "ಈಗ ಮನೆಗೆ ಹೋಗು."

ಸಂಜೆ ಮಗಳಿಗೆ ಹೇಳಿದೆ. ಅವಳು ಕೂಗಾಡಲಿಲ್ಲ. "ನಾನು ಫೋಟೋ ಕಳಿಸ್ತಾ ಇದ್ದೆ ಅಪ್ಪಾ. ಫೋನ್ ನನ್ ಕೈಯಲ್ಲೇ ಇತ್ತು. ಒಂದೇ ಒಂದು ಮೆಸೇಜ್ ಹಾಕೋಕಾಗ್ಲಿಲ್ವಾ?" ಎಂದಳು. ಮತ್ತೆ, "ನಾನು ಅವ್ರ ಬಗ್ಗೆ ಏನೇನೆಲ್ಲಾ ಅಂದೆ. ನೀನ್ ಕೇಳಿಸ್ಕೊಂಡ್ ಕೂತಿದ್ದೆ," ಎಂದು ಎದ್ದು ಜಾಕೆಟ್ ಹಾಕಿಕೊಂಡು ಪಕ್ಕದ ಮನೆಗೆ ಹೋದಳು. ಎರಡು ದಿನ ನನ್ನೊಡನೆ ಊಟಕ್ಕೆ ಬಾ ಎನ್ನುವುದಕ್ಕಿಂತ ಹೆಚ್ಚು ಮಾತಾಡಲಿಲ್ಲ.

ಕೊಳ್ಳುವವರು ಶನಿವಾರ ಬರಲಿಲ್ಲ. ಪಕ್ಕದ ಮನೆಯವರೇ ಫೋನ್ ಮಾಡಿ ಬರಬೇಡಿ ಎಂದಿದ್ದರು. ಆ ಬೆಳಿಗ್ಗೆ ಅವರು ನಮ್ಮ ಬಾಗಿಲಿಗೆ ಬಂದು, ನನ್ನ ಕೈಗೆ ಹಗ್ಗ, ಕೋಲು, ಮೊಳೆಹಿಡಿಗಳ ದಾರ ಕೊಟ್ಟು, "ಸಾಲು ಬೇಕು" ಎಂದಷ್ಟೇ ಹೇಳಿ ಹೋದರು. ಅವರ ವಿಮಾನದ ಪತ್ರಗಳೆಲ್ಲ ಸರಿಯಾಗಿವೆ, ಮೊದಲ ಸಲ ಒಬ್ಬರೇ ಹೋಗುತ್ತಾರೆ ಎಂದು ಮಗಳು ಹೇಳಿದಳು.

ಪ್ರತಿ ಕೊಂಬೆಯ ಬಳಿ ಚುಚ್ಚಿದೆ, ಎರಡು ಕೊಂಬೆಗಳ ನಡುವೆಯೂ ಚುಚ್ಚಿದೆ. ಬೆರಳು ಹೋದರೆ ಹೋಗಲಿ ಎಂದು ಆಚೆ ತುದಿಯನ್ನೂ ದಾಟಿ ಚುಚ್ಚಿದೆ. ಎಲ್ಲ ಕಡೆ ಕೋಲು ಒಣಗಿಯೇ ಬಂತು. ಆದರೂ ನಂಬಿಕೆ ಬರದೆ ಕೈಗವಸು ತೆಗೆದು ತುದಿಯನ್ನು ಬರಿಗೈಯಲ್ಲಿ ಮುಟ್ಟಿ ನೋಡಿದೆ.

"ಆಯ್ತಾ?" ಎಂದರು ದಡದಿಂದ.

ಬಾಯಿಗೆ ಬಂದ ಮಾತನ್ನು ನುಂಗಿದೆ. "ಬಂದು ನೋಡಿ ಸರ್," ಎಂದೆ.

ಅವರು ಬಂದರು. ತಮ್ಮದೇ ಒಂದು ಕೋಲು ತಂದಿದ್ದರು. ನನ್ನ ಪ್ರತಿ ತೂತಿನ ಪಕ್ಕದಲ್ಲಿ ಇನ್ನೊಂದು ತೂತು ಮಾಡುತ್ತ, ಹಗ್ಗ ಹಿಡಿದು ಅಂತರ ನೋಡುತ್ತ, ಸಾಲಿನ ಕೊನೆಯವರೆಗೂ ನಡೆದರು. ಹಿಂದಿನ ವರ್ಷದವರೆಗೆ ಅವರು ಯಾರ ಕೆಲಸವನ್ನೂ ಹೀಗೆ ನೋಡಿದವರಲ್ಲ. ನಾನು ಹಿಂದೆ ಹಿಂದೆ ನಡೆದೆ.

ಅವರು ಹಾರಿಹೋದ ಮೇಲೆ ಮಗಳು ಬಂದು ನನ್ನ ಪಕ್ಕದಲ್ಲಿ ನಿಂತಳು. ಕೈಯಲ್ಲಿ ಎರಡು ಕೊಂಬೆಗಳಿದ್ದವು. ಆಕಾಶ ಅಂದಿನ ಹಾಗೆಯೇ ತಟ್ಟೆ ಮುಚ್ಚಿದಂತಿತ್ತು. ಎಂಜಿನ್ ಸದ್ದು ಮರಗಳ ಹಿಂದಿನಿಂದ ಕೇಳಿಸಿತು.

"ಅಡ್ಡ ಹಾಕ್ಬೇಕಾ ಅಪ್ಪಾ? ಈಗ್ಲೇ ಹೇಳು."

"ಬೇಡ."

"ಶೂರ್?"

"ಅವರೂ ನೋಡಿದಾರೆ."

ಆದರೂ ಅವಳು ಕೊಂಬೆಗಳನ್ನು ಕೆಳಗಿಡಲಿಲ್ಲ. ವಿಮಾನ ಮರಗಳ ಮೇಲೆ ಬಂತು, ಇಳಿಯಿತು, ಇಳಿಯುತ್ತಲೇ ಇತ್ತು. ಆ ಜಾಗ ಬಂತು. ನಾನು ಕಣ್ಣು ಮುಚ್ಚಿಕೊಂಡೆ. ಮಗಳ ಬಲಗೈ ನನ್ನ ತೋಳನ್ನು ಹಿಡಿದು ಹಿಚುಕಿತು. ಆಮೇಲೆ ಒಣ ಹಿಮ ಸುಯ್ಯೆಂದು ಸವೆಯುವ ಸದ್ದು ಕೇಳಿಸಿತು, ಬಹಳ ಉದ್ದಕ್ಕೆ, ಆಚೆ ತುದಿಯವರೆಗೂ.

ಕಣ್ಣು ತೆರೆದಾಗ ಅವಳು ಕೊಂಬೆಗಳನ್ನು ಬಿಸುಟು ಅವರ ಕಡೆಗೆ ಓಡುತ್ತಿದ್ದಳು. ಅವರು ಹಿಂದಿರುಗಿ ಬರುವಾಗ ನನ್ನ ಮುಂದೆ ಒಂದು ಕ್ಷಣ ನಿಂತು ತಲೆಯಾಡಿಸಿದರು. ಮ್ಯಾನೇಜರ್ ಎನ್ನಲಿಲ್ಲ. ಫೀಕಾಗೆ ಬನ್ನಿ ಎಂದು ಇಬ್ಬರಿಗೂ ಸೇರಿಸಿ ಹೇಳಿದರು. ಕೊಂಬೆಗಳನ್ನು ಎತ್ತಿಟ್ಟು ಬರುತ್ತೇನೆ ಎಂದೆ. ಈ ಸಲ ಮಗಳು ಹೋಗಲಿಲ್ಲ. ನಾನು ಕಿತ್ತುಕೊಟ್ಟ ಕೊಂಬೆಗಳನ್ನು ಎಡಗೈಯಲ್ಲಿ ತಬ್ಬಿಕೊಳ್ಳುತ್ತ, ಸಾಲಿನ ಕೊನೆಯವರೆಗೂ ನನ್ನ ಜೊತೆ ನಡೆದಳು.